ಲಾಂಡ್ರಿಯ ಅಳಿಯನಿಗೆ ಅಕ್ಕ ಬರೆದ ಪಾಠ

ನನ್ನ ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಮದುವೆಯಾಗಿ ಆ ಮನೆಗೆ ಹೋದಾಗ ಅಕ್ಷರ ಕೂಡಿಸಿ ಓದುವುದಷ್ಟೇ ನನಗೆ ಬರುತ್ತಿತ್ತು. ಅಕ್ಕ ಆಗಲೇ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸಕ್ಕಿದ್ದಳು. ಸಂಜೆ ಅವಳು ಬಾಗಿಲು ದಾಟುವ ಮೊದಲೇ ಸೋಪಿನ, ಬಿಸಿ ಇಸ್ತ್ರಿಯ ವಾಸನೆ ಅಡುಗೆಮನೆಗೆ ಬರುತ್ತಿತ್ತು. ಈಗಲೂ ಎಲ್ಲಾದರೂ ಇಸ್ತ್ರಿಯ ಹಬೆ ಮೂಗಿಗೆ ತಾಗಿದರೆ ನಾನು ತಿರುಗಿ ನೋಡುತ್ತೇನೆ.

ನನ್ನನ್ನೂ ಅಲ್ಲಿ ಮಡಿಸುವ ಮೇಜಿಗೆ ಸೇರಿಸಿದವಳು ಅವಳೇ. ಆಸ್ಪತ್ರೆಯ ಹಾಸುಗಳು ಗುಡ್ಡೆಗುಡ್ಡೆಯಾಗಿ ಬರುತ್ತಿದ್ದವು. ಆ ತುದಿ ಅವಳು, ಈ ತುದಿ ನಾನು. “ಎಳಿಯೇ, ಗಂಡನ ಕಿವಿ ಹಿಂಡಿದ ಹಾಗೆ ಎಳಿ!” ಎನ್ನುವಳು. ಮೇಜಿನ ಸುತ್ತ ನಗುವೋ ನಗು. ಹಾಸು ಒಣಗಿದೆಯೋ ಎಂದು ನೋಡಲು ಅಕ್ಕ ಬಟ್ಟೆಯ ನಡುಭಾಗ ಮುಟ್ಟುತ್ತಿರಲಿಲ್ಲ. ದಪ್ಪ ಹೊಲಿಗೆಯ ಅಂಚನ್ನು ಮುಂಗೈಗೆ ಒತ್ತಿ ನೋಡುತ್ತಿದ್ದಳು. ಒದ್ದೆ ಅವಿತುಕೊಳ್ಳುವುದು ಅಲ್ಲೇ. ನೋಡಿ ನೋಡಿ ನಮಗೆಲ್ಲ ಅದೇ ರೂಢಿಯಾಯಿತು. ಯಾರೂ ಬಾಯಿಬಿಟ್ಟು ಹೇಳಿಕೊಟ್ಟದ್ದಲ್ಲ.

ಅಕ್ಕನ ತಲೆ ನೆರೆಯುವ ಹೊತ್ತಿಗೆ ಲಾಂಡ್ರಿಗೆ ಎಐ ಬಂತು. ಆರ್ಡರ್ ಹಿಡಿಯಲು, ವ್ಯಾನ್ ಕರೆಸಲು, ಬಟ್ಟೆ ಕಳಿಸಲು ಕಂಪ್ಯೂಟರಿನಲ್ಲಿ ಬೇರೆ ಬೇರೆ ಸಾಧನಗಳಿದ್ದವು. ಯಾವುದನ್ನು ಯಾವಾಗ ಬಳಸಬೇಕು ಎಂದು ಬರೆದಿಟ್ಟದ್ದನ್ನು ಓದಿಕೊಂಡು ಅದು ತಾನೇ ಎಲ್ಲ ನಡೆಸುತ್ತಿತ್ತು. ನಾವು ಅದಕ್ಕೆ ‘ಹೊಸ ಅಳಿಯ’ ಎಂದು ಹೆಸರಿಟ್ಟೆವು.

“ಹೇಳಿದಷ್ಟೇ ಮಾಡ್ತಾನೆ. ಆದ್ರೆ ಬಯ್ದರೆ ಮುಖ ಊದಿಸ್ಕೊಳ್ಳಲ್ಲ ನೋಡು, ನಮ್ಮನೆ ಅಳಿಯನಿಗಿಂತ ವಾಸಿ” ಎಂದಳು ಅಕ್ಕ.

ಈ ಅಳಿಯ ಎರಡು ಸಲ, ಯಾರೂ ಮುಟ್ಟಿ ನೋಡುವ ಮೊದಲೇ, ಒದ್ದೆ ಹಾಸುಗಳನ್ನೇ ಆಸ್ಪತ್ರೆಗೆ ಕಳಿಸಿಬಿಟ್ಟ. ಇನ್ನೊಮ್ಮೆ ಹೀಗಾದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದರು ಆಸ್ಪತ್ರೆಯವರು. ಆಸ್ಪತ್ರೆ ಕೈಬಿಟ್ಟರೆ ಮಡಿಸುವ ಮೇಜಿಗೆ ಕೆಲಸವಿಲ್ಲ, ನಮಗೆಲ್ಲ ಮನೆಯ ದಾರಿ. ಮಾಲೀಕರು ಅಕ್ಕನನ್ನು ಕರೆದು, “ಸಾಧನಗಳ ವಿವರ ನೀವೇ ತಿದ್ದಿ ಬರೀರಿ, ಅಮ್ಮ. ಬೇರೆ ಯಾರನ್ನ ಕೇಳ್ಲಿ?” ಎಂದರು.

ಅಕ್ಕ ಊರುದ್ದ ಬರೆದಳು. ಚಳಿಯ ದಿನ, ಕರೆಂಟು ಹೋದ ದಿನ, ಯಂತ್ರ ಕೈಕೊಟ್ಟ ದಿನ, ಒಂದನ್ನೂ ಬಿಡಲಿಲ್ಲ. ಅದನ್ನು ಓದಿ ಅಳಿಯ ಇನ್ನಷ್ಟು ಗಲಿಬಿಲಿಗೊಂಡ. ಹೋಟೆಲಿನ ಒಣ ಪರದೆಗಳನ್ನು ಕಳಿಸದೆ ಹಿಡಿದುಕೊಂಡು ಕೂತ.

ಆ ಸಂಜೆ ಅಕ್ಕ ಹಾಳೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. “ಇವತ್ತು ನೀನೇ ಅಳಿಯ ಕಣೇ. ಇದರಲ್ಲಿ ಇರೋದಷ್ಟನ್ನೇ ಮಾಡ್ಬೇಕು.”

ನಮ್ಮವರು ಬಾಗಿಲಲ್ಲೇ ನಿಂತು ನಕ್ಕರು. “ಇವಳು ಹೇಳಿದಷ್ಟು ಮಾಡೋಳಾಗಿದ್ರೆ ನಾನು ಎಷ್ಟು ಸುಖವಾಗಿರ್ತಿದ್ದೆ, ಅತ್ತಿಗೆ!”

“ನೀವು ಸುಮ್ನಿರಿ ಮೈದುನರೇ.” ಅಕ್ಕ ನನ್ನತ್ತ ತಿರುಗಿದಳು. “ಹಾಸು ತೊಳೆದಾಯ್ತು. ಮುಂದೆ?”

ನಾನು ಸಾಲಿನ ಮೇಲೆ ಬೆರಳಿಟ್ಟು ಓದಿದೆ. “ಕಳಿಸ್ತೀನಿ.”

“ಅಯ್ಯೋ, ಅಂಚು ಮುಟ್ಟಿ ನೋಡಲ್ವೇನೇ?”

“ಮುಟ್ಟು ಅಂತ ಎಲ್ಲಿ ಬರೆದಿದೀಯ ಅಕ್ಕ? ಅಲ್ಲ, ಅಳಿಯನಿಗೆ ಕೈ ಎಲ್ಲಿದೆ ಮುಟ್ಟೋಕೆ?”

ಅಕ್ಕ ಹಾಳೆಯನ್ನು ತನ್ನತ್ತ ಎಳೆದುಕೊಂಡು ಮೊದಲಿನಿಂದ ಓದಿದಳು. ಅಷ್ಟುದ್ದದ ಹಾಳೆಯಲ್ಲಿ ಅದೊಂದೇ ಇರಲಿಲ್ಲ. ನನಗೂ ಅವಳು ಕೇಳುವ ತನಕ ಅದು ಹೊಳೆದಿರಲಿಲ್ಲ. ನಮ್ಮ ಮುಂಗೈಗೆ ಗೊತ್ತಿದ್ದುದನ್ನು ಯಾರು ತಾನೇ ಬರೆದಿಡುತ್ತಾರೆ?

ಎಲ್ಲವನ್ನೂ ಹೊಡೆದುಹಾಕಿ ಅವಳು ಹೊಸದಾಗಿ ಬರೆದಳು: ‘ಇದು ಬಟ್ಟೆಯನ್ನು ವ್ಯಾನಿಗೆ ಹತ್ತಿಸುವ ಸಾಧನ. ತೊಳೆದಾದರೆ ಸಾಲದು. ಅಂಚು ಮುಟ್ಟಿ ನೋಡಿದೆವು, ಒಣಗಿದೆ ಎಂದು ಒಣಗಿಸುವ ಕೋಣೆಯವರು ಗುರುತು ಹಾಕಿದ್ದರೆ ಮಾತ್ರ ಕಳಿಸು. ಗುರುತಿಲ್ಲದಿದ್ದರೆ ಊಹಿಸಬೇಡ. ಅವರನ್ನು ಕೇಳು, ಉತ್ತರ ಬರುವ ತನಕ ಕಾಯು.’

ಆಸ್ಪತ್ರೆಯ ದಿನ ಬಂತು. ತೊಳೆದು ಮುಗಿಯಿತು, ಬಾಗಿಲಲ್ಲಿ ವ್ಯಾನ್ ನಿಂತಿತ್ತು, ಹಾಸು ಮಾತ್ರ ಹೊರಡಲಿಲ್ಲ. ಒಣಗಿಸುವ ಕೋಣೆಯ ಕಂಪ್ಯೂಟರ್ ಪರದೆಯ ಮೇಲೆ ಅಳಿಯನ ಅಕ್ಷರ ಮೂಡಿತು: ‘ಗುರುತು ಬಂದಿಲ್ಲ. ಅಂಚು ಒಣಗಿದೆಯೇ, ನೋಡಿ ಹೇಳುವಿರಾ?’ ಅಲ್ಲಿನ ಹೆಂಗಸು ಮುಂಗೈ ಒತ್ತಿ ನೋಡಿ, “ಇನ್ನೂ ತಣ್ಣಗಿದೆ” ಎಂದು ‘ಇಲ್ಲ’ ಒತ್ತಿದಳು. ಹಾಸುಗಳು ಮತ್ತೆ ಯಂತ್ರಕ್ಕೆ ಹೋದವು.

ಹಾರ್ನ್ ಹೊಡೆದು ಸಾಕಾದ ಡ್ರೈವರ್ ಒಳಗೆ ಇಣುಕಿದ. “ಏನಮ್ಮಾ, ನಿಮ್ಮ ಅಳಿಯನ ಸಿಂಗಾರ ಇನ್ನೂ ಮುಗೀಲಿಲ್ವಾ?”

“ಒದ್ದೆ ತಲೇಲಿ ಹೊರಗೆ ಕಳಿಸೋಕಾಗುತ್ತಾ? ಕೂತ್ಕೊಳಪ್ಪ” ಎಂದಳು ಅಕ್ಕ. ಹಾಗೆಂದರೂ ಅವಳ ಕಣ್ಣು ಗೋಡೆಯ ಗಡಿಯಾರದ ಮೇಲೇ ಇತ್ತು.

ಕೊನೆಗೆ ಹಾಸು ಒಣಗಿ, ಗುರುತು ಬಿದ್ದು, ವ್ಯಾನ್ ಹೋಗಿ ಎಷ್ಟೋ ಹೊತ್ತಾದ ಮೇಲೆ ಆಸ್ಪತ್ರೆಯಿಂದ ಫೋನ್ ಬಂತು. ನಾವು ಮಡಿಸುವುದನ್ನು ನಿಲ್ಲಿಸಿದೆವು. ಅಕ್ಕ ಬರೀ “ಹೂಂ, ಹೂಂ” ಎಂದು ಕೇಳಿಸಿಕೊಂಡು ಫೋನ್ ಇಟ್ಟಳು.

“ತಡವಾಗಿದ್ದಕ್ಕೆ ಬಯ್ದರು. ಹಾಸು ಗರಿಗರಿಯಾಗಿದೆಯಂತೆ. ನಾಳೆಯ ಗಂಟುಗಳೂ ನಮ್ಮಲ್ಲಿಗೇ.” ನಾವು ಮತ್ತೆ ಹಾಸಿನ ತುದಿ ಹಿಡಿದೆವು. ಅಕ್ಕ ನನ್ನ ಬೆನ್ನಿಗೊಂದು ಗುದ್ದಿದಳು. “ಅಡುಗೆ ಬೇಗ ಮುಗಿಸೇ ಇವತ್ತು. ಕಲೆ ತೆಗೆಸೋ ಸಾಧನದ್ದು ಇನ್ನೂ ಬರೀಬೇಕು.”

ಆ ಚಳಿಗಾಲವೆಲ್ಲ ಒಂದೊಂದೇ ಸಾಧನ ಹಿಡಿದುಕೊಂಡು ಹಾಗೇ ಕೂತೆವು, ಅವಳು ಬರೆಯುತ್ತ, ನಾನು ಅಳಿಯನಾಗಿ ತಪ್ಪುತ್ತ. ನಮ್ಮವರು ಚಹಾ ಮಾಡಿ ತಂದಿಟ್ಟು, “ನನ್ನನ್ನ ವ್ಯಾನ್ ಆದ್ರೂ ಮಾಡಿ, ಅತ್ತಿಗೆ” ಎನ್ನುತ್ತಿದ್ದರು.