ಉಪ್ಪನನ್ನು ಕೊಂದ ನಾಟಕ

ಮಕ್ಕಳ ಬಾಯಿಂದ ಅವರದೇ ಕಥೆ ಹೇಳಿಸುತ್ತೇವೆಂದು ಹೊರಟ ದೊಡ್ಡವರಷ್ಟು ಕಿವುಡರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಲಯಾಳ ರಾಜ್ಯದ ಗಡಿಗೆ ಸೇರಿದ ಮಂಜೇಶ್ವರದಿಂದ ಒಳಗೆ ಹೋಗುವ ರಸ್ತೆಯ ಒಂದು ಯು.ಪಿ. ಶಾಲೆಯಲ್ಲಿ, ಅಂದರೆ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ನಾನು ಕನ್ನಡ ಟೀಚರಾಗಿದ್ದೆ. ಹೊಸ ಶತಮಾನ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ಗಲ್ಫಿನಲ್ಲಿದ್ದವರ ಮನೆಗಳಲ್ಲಿ ಫೋನಿಗೆ ಕಸೂತಿಯ ಬಟ್ಟೆ ಹೊದಿಸಿ ಕಪಾಟಿನ ಮೇಲೆ ಇಡುತ್ತಿದ್ದ ಕಾಲ.

ನಮ್ಮ ಏಳನೇ ತರಗತಿಯ ಮಕ್ಕಳು ಮನೆಯಲ್ಲಿ ಬ್ಯಾರಿಯನ್ನೋ ತುಳುವನ್ನೋ ಆಡಿ, ಅಂಗಡಿಯಲ್ಲಿ ಮಲಯಾಳ ಆಡಿ, ಶಾಲೆಯ ಗೇಟು ದಾಟಿದ ಮೇಲೆ ಕನ್ನಡಕ್ಕೆ ಬರುವವರು. 'ನನ್ನ ಮನೆ' ಎಂದು ಪ್ರಬಂಧ ಬರೆಯಲು ಹೇಳಿದರೆ ಎಲ್ಲರ ಮನೆಯೂ ಒಂದೇ. ಮುಂದೆ ಹೂದೋಟ, ಹಿಂದೆ ಹಸು, ಒಳಗೆ ಪ್ರೀತಿಯ ತಂದೆತಾಯಿ. ಅದು ಗೈಡು ಬರೆದವನ ಮನೆ. ಅವನ ಮನೆಯಾದರೂ ಹಾಗಿತ್ತೋ ಇಲ್ಲವೋ.

ಅದನ್ನು ತಿದ್ದಿ ತಿದ್ದಿ ಸಾಕಾಗಿ ಒಂದು ದಿನ ಪುಸ್ತಕ ಮುಚ್ಚಿಸಿದೆ. "ನಿಮ್ಮ ಮನೆಯಲ್ಲಿ ಈಚೆಗೆ ಎಂತ ನಡೀತು, ಅದನ್ನು ಮಾಡಿ ತೋರಿಸಿ. ಯಾವ ಭಾಷೆಯಾದ್ರೂ ಆಗ್ತದೆ" ಎಂದೆ.

ಮೊದಲು ಎದ್ದವಳು ಕಿಟಕಿ ಪಕ್ಕದ ಹುಡುಗಿ. ಉದ್ದ ಕೈಕಾಲಿನ, ಒಡಕು ಗಂಟಲಿನ ಹುಡುಗಿ. ಬರೆಯಲು ಕೂತರೆ ನಾಲ್ಕು ಸಾಲಿಗೆ ಸುಸ್ತಾಗುತ್ತಿದ್ದಳು. ಅವಳ ಉಪ್ಪ, ಅಂದರೆ ಅಪ್ಪ, ಗಲ್ಫಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ವರ್ಷಗಳಾಗಿದ್ದವು. ಅವಳು ಮೇಜಿನ ಮೇಲಿದ್ದ ಚಾಕ್‌ಪೀಸಿನ ಡಬ್ಬಿಯನ್ನು ಫೋನು ಮಾಡಿಕೊಂಡಳು. ಡಸ್ಟರು ರಿಸೀವರ್ ಆಯಿತು. ಒಬ್ಬ ಹುಡುಗನನ್ನು ಕಿಟಕಿಯ ಹತ್ತಿರ ಉಪ್ಪನಾಗಿ ನಿಲ್ಲಿಸಿದಳು. ಬೆಂಚಿನಲ್ಲಿ ಕಾಲು ಚಾಚಿ ಕೂತು ಸ್ವತಃ ಅಜ್ಜಿಯಾದಳು.

ಗಲ್ಫಿನಲ್ಲಿ ರಜೆಯ ದಿನವಾದ ಶುಕ್ರವಾರ ಸಂಜೆಯ ಫೋನು ಅದು. ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಾಳೆ. ಮೊಣಕಾಲಿನವರೆಗೆ ಪ್ಲಾಸ್ಟರು. ಫೋನು ಎತ್ತಿದವಳೇ ಸಮುದ್ರದ ಆಚೆಗೆ ಕೇಳುವಂತೆ ಕೂಗುತ್ತಾಳೆ: "ನಾನು ಈಗ ಮದುವೆ ಮನೆಯಿಂದ ನಡ್ಕೊಂಡು ಬಂದದ್ದು ಮಗಾ." ಗಾಳಿಗೆ ಅಡುಗೆಮನೆಯ ಹಂಚು ಹಾರಿದೆ, ಹುಡುಗಿಯ ತಾಯಿ ಉಮ್ಮ ಫೋನಿಗೆ ಬಂದು ಮನೆ ಗಟ್ಟಿ ಉಂಟು ಎನ್ನುತ್ತಾಳೆ. ಆಡು ಸತ್ತಿದೆ, ತಮ್ಮ ಬಂದು ಆಡು ಮರಿ ಹಾಕಿದೆ ಎನ್ನುತ್ತಾನೆ. ಆ ಕಡೆ ಬಿಸಿಲಲ್ಲಿ ಫೋನಿನ ಕ್ಯೂನಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿರುವ ಉಪ್ಪ ಹೇಳುತ್ತಾನೆ: "ನನಗೆ ಇಲ್ಲಿ ಎಸಿ ರೂಮು ಕೊಟ್ಟಿದ್ದಾರೆ. ರಾತ್ರಿ ಚಳಿಗೆ ಕಂಬಳಿ ಬೇಕಾಗ್ತದೆ." ರಜೆಯಲ್ಲಿ ಬಂದ ನೆರೆಮನೆಯವನೊಬ್ಬ, ಅಲ್ಲಿ ಒಂದೇ ಕೋಣೆಯಲ್ಲಿ ಮಂಚದ ಮೇಲೆ ಮಂಚ, ಇರುವುದೊಂದೇ ಫ್ಯಾನು ಎಂದು ಹೇಳಿಹೋಗಿದ್ದ. ಅದು ಮನೆಯವರೆಲ್ಲರಿಗೂ ಗೊತ್ತು. ಆದರೂ ಅಜ್ಜಿ ಕೂಗುತ್ತಾಳೆ: "ಕಂಬಳಿ ಸರಿ ಹೊದ್ದುಕೋ ಮಗಾ, ಶೀತ ಆದೀತು."

ನಾನು ನಕ್ಕು ನಕ್ಕು ಕಣ್ಣು ಒರೆಸಿಕೊಂಡೆ. ತರಗತಿಯೂ ನಕ್ಕಿತು. ಅರ್ಧಕ್ಕರ್ಧ ಮಕ್ಕಳ ಮನೆಯ ಶುಕ್ರವಾರ ಅದೇ ಆಗಿತ್ತು. ಹುಡುಗಿಯ ಕೆನ್ನೆಗೆ ಡಸ್ಟರಿನ ಬಿಳಿ ಪುಡಿ ಮೆತ್ತಿತ್ತು. ಗುಟ್ಟನ್ನು ಆಡಿತೋರಿಸಿದ ಅಳುಕು ಅವಳಲ್ಲಿ ಇರಲಿಲ್ಲ. "ಅಜ್ಜಿ ಇನ್ನೂ ಜೋರು ಕೂಗುದು ಟೀಚರ್. ನನಗೆ ಗಂಟಲು ಸಾಲುದಿಲ್ಲ" ಎಂದಳು.

ಇಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಆ ತಿಂಗಳೇ ಮೇಲಿನಿಂದ ಒಂದು ಸುತ್ತೋಲೆ ಬಂತು. ಮಕ್ಕಳು ತಮ್ಮ ಸ್ವಂತ ಅನುಭವಗಳನ್ನು ಸೃಜನಾತ್ಮಕವಾಗಿ ಹಂಚಿಕೊಳ್ಳಬೇಕು, ಪ್ರತಿ ಶಾಲೆಯೂ ಒಂದು ಪ್ರದರ್ಶನ ತರಬೇಕು, ಜಿಲ್ಲಾ ಕಚೇರಿಗಳಿರುವ ವಿದ್ಯಾನಗರದ ಒಂದು ಹಾಲಿನಲ್ಲಿ ಕಾರ್ಯಕ್ರಮ. ಹೆಡ್‌ಮಾಸ್ಟರು ಅದನ್ನು ಸ್ಟಾಫ್ ರೂಮಿನಲ್ಲಿ ಮಲಯಾಳದಿಂದ ಕನ್ನಡಕ್ಕೆ ತರುತ್ತಾ ಓದಿದರು. ಊರಲ್ಲಿ ಅವರಿಗೆ ಬಹಳ ಒಳ್ಳೆಯವರೆಂಬ ಹೆಸರು. ಯಾರಿಗೂ ಇಲ್ಲ ಎನ್ನದೆ, ಯಾವುದನ್ನೂ ಮಾಡದೆ ಗಳಿಸಿದ ಹೆಸರು ಅದು.

ನಾನು ಫೋನಿನ ನಾಟಕದ ಸಂಗತಿ ಹೇಳಿದೆ. ಅವರಿಗೆ ಖುಷಿಯಾಯಿತು. "ಹಾಗಾದ್ರೆ ಒಬ್ಬ ತಜ್ಞರನ್ನು ಕರೆಸುವ" ಎಂದರು. ಮಗುವಿಗೆ ತನ್ನ ಅಜ್ಜಿಯ ಹಾಗೆ ಕೂಗಲು ತಜ್ಞರು ಯಾಕೆ ಬೇಕೆಂದು ನಾನು ಕೇಳಿದೆ. "ಸ್ಟೇಜಿಗೆ ಹೋಗುವ ಐಟಂ ಅಲ್ವಾ ಟೀಚರ್" ಎಂದರು.

ತಜ್ಞರು ಬಂದರು. ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆಯ ಚೀಲ. ಮಕ್ಕಳ ಶಿಬಿರ ನಡೆಸಿಯೇ ಹೆಸರು ಮಾಡಿದವರು. ಮಕ್ಕಳ ಜೊತೆ ನೆಲದ ಮೇಲೆಯೇ ಕೂರುತ್ತಿದ್ದರು, ಆದರೆ ಕೂರುವ ಮೊದಲು ಫೋಟೋ ತೆಗೆಯುವವನು ಎಲ್ಲಿದ್ದಾನೆಂದು ನೋಡಿಕೊಳ್ಳುತ್ತಿದ್ದರು. ಮೊದಲ ದಿನವೆಲ್ಲ ಮಕ್ಕಳನ್ನು ಮರವಾಗಿಸಿದರು, ಅಲೆಯಾಗಿಸಿದರು. ದಿನಾ ಸಮುದ್ರ ನೋಡುವ ಹುಡುಗನೊಬ್ಬ ಅಲೆಯಾಗಿ ಬಂದು ದಡಕ್ಕೆ ಅಪ್ಪಳಿಸಿದಾಗ, "ಹಾಗಲ್ಲ, ಅಲೆ ಮೃದುವಾಗಿ ಬರಬೇಕು" ಎಂದು ತಿದ್ದಿದರು.

ಸಂಜೆ ಫೋನಿನ ನಾಟಕ ನೋಡಿದರು. ಒಮ್ಮೆಯೂ ನಗಲಿಲ್ಲ.

"ವಸ್ತು ಚೆನ್ನಾಗಿದೆ. ಆದರೆ ನಗು ಜಾಸ್ತಿ ಆಯಿತು. ಇದರೊಳಗೆ ಒಂದು ದೊಡ್ಡ ದುಃಖ ಅಡಗಿದೆ, ನೀವು ಗಮನಿಸಿದ್ರಾ ಟೀಚರ್?"

"ಮಕ್ಕಳೇ ಗಮನಿಸಿದ್ದಾರೆ. ಅದಕ್ಕೇ ಅಷ್ಟು ನಗಿಸುದು" ಎಂದೆ.

ಅವರು ನನ್ನನ್ನು ಕರುಣೆಯಿಂದ ನೋಡಿದರು. ಮರುದಿನ ಬರುವಾಗ ಡಿಟಿಪಿ ಮಾಡಿಸಿದ ನಾಟಕವನ್ನೇ ಹಿಡಿದುಕೊಂಡು ಬಂದರು. ಆಡು ಹೋಗಿತ್ತು, ಹಂಚು ಹೋಗಿತ್ತು, ಅಜ್ಜಿಯ ಪ್ಲಾಸ್ಟರೂ ಹೋಗಿತ್ತು. ಉಪ್ಪ ಕಟ್ಟಡದ ಮೇಲಿನಿಂದ ಬಿದ್ದು ಸಾಯುತ್ತಾನೆ. ಶವಪೆಟ್ಟಿಗೆ ಬರುತ್ತದೆ. ಕಪ್ಪು ಬಟ್ಟೆಯ ಮೇಳ ಸುತ್ತ ನಿಂತು 'ಓ ಮರಳೇ, ಓ ಮರಳೇ' ಎಂದು ಹಾಡುತ್ತದೆ. ಹುಡುಗಿ ಪೆಟ್ಟಿಗೆಯ ಮೇಲೆ ಬಿದ್ದು ಅಳಬೇಕು.

ಹುಡುಗಿ ಹಾಳೆ ಓದಿ ಮುಗಿಸಿ ಕೈಯೆತ್ತಿದಳು.

"ಸರ್, ನನ್ನ ಉಪ್ಪ ಸತ್ತಿಲ್ಲ."

"ಗೊತ್ತು ಪುಟ್ಟಾ. ಇದು ನಿನ್ನ ಉಪ್ಪ ಅಲ್ಲ. ಎಲ್ಲರ ಉಪ್ಪ."

"ಎಲ್ಲರ ಉಪ್ಪನೂ ಸತ್ತಿಲ್ಲ ಸರ್."

ತಜ್ಞರು ಹೆಡ್‌ಮಾಸ್ಟರ ಕಡೆ ನೋಡಿದರು. ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ಅವಳು ಹೇಳಿದ್ದು ಸರಿಯಾಗಿದೆ, ಸುತ್ತೋಲೆಯಲ್ಲಿ ಕೇಳಿದ್ದು ಸ್ವಂತ ಅನುಭವ ಎಂದು ನಾನು ಹೇಳಿದೆ. ತಜ್ಞರು, "ಅನುಭವವನ್ನು ಕಲೆಯಾಗಿ ಪರಿವರ್ತಿಸಬೇಕಾಗುತ್ತದೆ" ಎಂದರು. ಮನುಷ್ಯ ಸತ್ತರೇ ಕಲೆ ಎಂದು ನಂಬಿದವರನ್ನು ನಾನು ಆಮೇಲೆಯೂ ಬಹಳ ಕಂಡಿದ್ದೇನೆ. ಅವರೆಲ್ಲರಿಗೂ ಇದೇ ತಗ್ಗಿದ ದನಿ ಇರುತ್ತದೆ.

ಮರುದಿನ ಬೆಳಿಗ್ಗೆ ಶಾಲೆಯ ಅಂಗಳಕ್ಕೆ ಒಂದು ರಿಕ್ಷಾ ಬಂತು. ಅದರಿಂದ ಮೊದಲು ಒಂದು ಊರುಗೋಲು, ಆಮೇಲೆ ಪ್ಲಾಸ್ಟರಿನ ಕಾಲು, ಕೊನೆಗೆ ಅಜ್ಜಿ ಇಳಿದರು. ನಾನು ಅವರನ್ನು ನೋಡಿದ್ದು ಅದೇ ಮೊದಲು, ಆದರೆ ಮೊಮ್ಮಗಳ ಅಭಿನಯದಲ್ಲಿ ಅಷ್ಟು ಸಲ ನೋಡಿದ್ದರಿಂದ ಗುರುತು ಸಿಕ್ಕಿತು. ನೇರ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತರು. ನಮಗೆ ಅರ್ಥವಾಗಲೆಂದು ಬ್ಯಾರಿ ಬಿಟ್ಟು ತಮ್ಮ ಕನ್ನಡದಲ್ಲಿ ಮಾತಾಡಿದರು.

"ಮಾಷೇ, ಅವ ನಾನು ಹೆತ್ತ ಮಗ. ಮೊನ್ನೆ ಶುಕ್ರವಾರ ನನ್ನ ಹತ್ರ ಮಾತಾಡಿದ್ದಾನೆ. ನೀವು ಅವನನ್ನು ಕೊಂದದ್ದು ಯಾವಾಗ?"

ಹೆಡ್‌ಮಾಸ್ಟರು ನೀರು ತರಿಸಿದರು. ತಜ್ಞರು ಮುಂದೆ ಬಂದು ಬಗ್ಗಿ, "ಅಜ್ಜಿ, ಅದು ಒಂದು ಸಂಕೇತ. ನಾಟಕದಲ್ಲಿ ಪೆಟ್ಟಿಗೆ ಅಂದರೆ ಬರೀ ಪೆಟ್ಟಿಗೆ ಅಲ್ಲ" ಎಂದರು.

"ನಿಮ್ಮ ತಂದೆ ಇದ್ದಾರಾ?"

"ಇದ್ದಾರೆ."

"ಹಾಗಾದ್ರೆ ಅದರಲ್ಲಿ ಅವರನ್ನು ಮಲಗಿಸಿ."

ನಾನು ನಗು ತಡೆಯಲು ಗೋಡೆಯ ಕಡೆ ತಿರುಗಿದೆ. ಅಜ್ಜಿ ನೀರು ಕುಡಿದರು. ಹೋಗುವ ಮೊದಲು ನನ್ನ ಹತ್ತಿರ ನಿಂತು, "ಟೀಚರ್, ನಾನು ಬಿದ್ದದ್ದನ್ನು ಇವಳು ಚೆಂದ ಮಾಡ್ತಾಳೆ. ಮನೆಯಲ್ಲಿಯೂ ಮಾಡಿದ್ಳು. ಅದು ಮಾಡ್ಲಿ, ಬೇಜಾರಿಲ್ಲ. ಇದು ಬೇಡ" ಎಂದರು.

ಇಷ್ಟಾದ ಮೇಲೆ ಯಾರಾದರೂ ನಾಟಕ ಬಿಡುತ್ತಿದ್ದರು. ನಮ್ಮವರು ನಾಟಕ ಬಿಡಲಿಲ್ಲ, ಹುಡುಗಿಯನ್ನು ಬಿಟ್ಟರು. ಅವಳ ಜಾಗಕ್ಕೆ ನಮ್ಮದೇ ಶಾಲೆಯ ಇಂಗ್ಲಿಷ್ ಮೀಡಿಯಮ್ಮಿನ ಒಂದು ಹುಡುಗಿ ಬಂದಳು. ಅವಳ ತಂದೆ ವಿದ್ಯಾನಗರದಲ್ಲಿ ಗುಮಾಸ್ತರು, ನಮ್ಮ ಪೋಷಕರ ಸಂಘದಲ್ಲಿ, ಅಂದರೆ ಪಿಟಿಎಯಲ್ಲಿ, ದೊಡ್ಡವರು, ಪ್ರತಿದಿನ ಸಂಜೆ ಚಹಾದ ಹೊತ್ತಿಗೆ ಮನೆ ಸೇರುವವರು. ಪಾಪದ ಹುಡುಗಿ. ಮೊದಲ ರಿಹರ್ಸಲ್ ಮುಗಿಸಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಟೀಚರ್, ಗಲ್ಫಿಗೆ ಹೋದವರು ತುಂಬ ಜನ ಸಾಯ್ತಾರಾ?"

ನಾನು ಹೆಡ್‌ಮಾಸ್ಟರ ಮುಂದೆ ಮತ್ತೊಮ್ಮೆ ಹೋಗಿ ಇದು ಯಾರ ಅನುಭವ ಎಂದು ಕೇಳಿದೆ.

"ಅನುಭವ ಯಾರದ್ದಾದ್ರೆ ಎಂತ ಟೀಚರ್? ಶಾಲೆ ನಮ್ಮದಲ್ವಾ."

ಕಾರ್ಯಕ್ರಮದ ದಿನ ಮಕ್ಕಳ ಜೊತೆ ಹೋಗುವ ಕೆಲಸ ನನಗೇ ಬಂತು. ನಮ್ಮ ಹುಡುಗಿಯೂ ಹೊರಟಳು. ನೋಡಬೇಕು ಎಂದಳು, ಅಜ್ಜಿ ಕಳಿಸಿದರು. ಹಾಲಿನಲ್ಲಿ ಬೇರೆ ಶಾಲೆಗಳ ಅನುಭವಗಳೂ ಬಂದಿದ್ದವು. ಒಂದರಲ್ಲಿ ಮರ ಸತ್ತಿತು, ಒಂದರಲ್ಲಿ ನದಿ ಸತ್ತಿತು, ಇನ್ನೊಂದರಲ್ಲಿ ಕುಡುಕ ಅಪ್ಪ ಸತ್ತು ಮಕ್ಕಳು ಒಳ್ಳೆಯವರಾದರು. ಇಡೀ ಜಿಲ್ಲೆಯ ಮಕ್ಕಳಿಗೆ ಸಾವಲ್ಲದೆ ಬೇರೇನೂ ಸಂಭವಿಸಿಯೇ ಇರಲಿಲ್ಲವೋ ಏನೋ. ಆಮೇಲೆ ನಮ್ಮ ಪೆಟ್ಟಿಗೆ ಬಂತು. ಮೇಳ ಮರಳನ್ನು ಕರೆಯಿತು. ಗುಮಾಸ್ತರ ಮಗಳು ಪೆಟ್ಟಿಗೆಯ ಮೇಲೆ ಬಿದ್ದು ನಿಜವಾಗಿಯೇ ಅತ್ತಳು. ಹೆದರಿಕೆಯಿಂದ ಎಂದು ಈಗಲೂ ನನ್ನ ನಂಬಿಕೆ. ಮುಂದಿನ ಸಾಲಿನ ಅಧಿಕಾರಿ ಕರವಸ್ತ್ರ ತೆಗೆದರು. ಕನ್ನಡ ಒಂದಕ್ಷರ ಬಾರದ ಅವರಿಗೂ ಪೆಟ್ಟಿಗೆ ಅರ್ಥವಾಗಿತ್ತು.

ಅವರು ವೇದಿಕೆ ಹತ್ತಿ, ಇದೇ ಜೀವನ ಎಂದು ಮಲಯಾಳದಲ್ಲಿ ಹೇಳಿ, ಗುಮಾಸ್ತರ ಮಗಳ ತಲೆ ಸವರಿ ಸರ್ಟಿಫಿಕೇಟು ಕೊಟ್ಟರು. ಇಷ್ಟು ಸಣ್ಣ ವಯಸ್ಸಿನಲ್ಲಿ ಇಷ್ಟು ದೊಡ್ಡ ದುಃಖವನ್ನು ಹೇಗೆ ಸಹಿಸಿದೆ ಮೋಳೇ, ಮಗಳೇ, ಎಂದು ಮೈಕು ಅವಳ ಬಾಯಿಗೆ ಹಿಡಿದರು.

ಅವಳು ಸುಳ್ಳು ಕಲಿತಿರಲಿಲ್ಲ. "ನನ್ನ ಅಪ್ಪ ಅಲ್ಲಿ ಕೂತಿದ್ದಾರೆ ಸರ್" ಎಂದು ಕೈ ತೋರಿಸಿದಳು. ಹಾಲಿಗೆ ಹಾಲೇ ಆ ಕಡೆ ತಿರುಗಿತು. ಮೂರನೇ ಸಾಲಿನಲ್ಲಿ ಮಗಳ ಶಾಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಗುಮಾಸ್ತರು ಅರ್ಧ ಎದ್ದು ಕೈ ಮುಗಿದರು. ತಜ್ಞರು ಓಡಿಬಂದು ಮೈಕು ಕಸಿದುಕೊಂಡರು. ಆಮೇಲೆ ಅವರು ಬಹಳ ಹೊತ್ತು ಮಾತಾಡಿದರು. ಚಪ್ಪಾಳೆಯೂ ಬಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮ ಹುಡುಗಿ ನನ್ನ ಪಕ್ಕದಲ್ಲಿ ಕೂತಿದ್ದಳು. ಬೇಸರವಾಯಿತಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಸ್ವಲ್ಪ ದೂರ ಹೋದ ಮೇಲೆ, "ಪೆಟ್ಟಿಗೆ ಖಾಲಿ ಅಂತ ಗೊತ್ತಾಗ್ತಿತ್ತು ಟೀಚರ್. ಹುಡುಗರು ಎತ್ತುವಾಗ ಭಾರ ಇದ್ದ ಹಾಗೆ ಮಾಡ್ಲೇ ಇಲ್ಲ" ಎಂದಳು. ಆ ದಿನ ಆ ಹಾಲಿನಲ್ಲಿ ನಾಟಕವನ್ನು ನಾಟಕವಾಗಿ ನೋಡಿದವಳು ಅವಳೊಬ್ಬಳೇ ಇರಬೇಕು.

ಬೇಸಿಗೆಯ ರಜೆಯಲ್ಲಿ ಅವಳ ಉಪ್ಪ ಊರಿಗೆ ಬಂದರು. ಬಂದ ವಾರವೇ ಅಜ್ಜಿ ಊಟಕ್ಕೆ ಹೇಳಿಕಳಿಸಿದರು. ನನಗೆ ಮಾತ್ರವಲ್ಲ, ಹೆಡ್‌ಮಾಸ್ಟರಿಗೂ. ಅವರನ್ನು ಯಾಕೆ ಕರೆದರೆಂದು ನನಗೆ ಆಗ ಹೊಳೆಯಲಿಲ್ಲ. ತಾವು ಕೊಂದವನು ಬದುಕಿರುವುದನ್ನು ಕಣ್ಣಾರೆ ನೋಡಲಿ ಎಂದೇ ಇರಬೇಕು. ಊಟಕ್ಕೆ ಮೊದಲು ಜಗಲಿಯಲ್ಲಿ ಹುಡುಗಿ ತನ್ನ ತರಗತಿಯ ಸೈನ್ಯವನ್ನು ಸೇರಿಸಿ ಫೋನಿನ ನಾಟಕ ಆಡಿದಳು. ಈ ಸಲ ನಿಜವಾದ ಫೋನು, ವಯರು ಎಟುಕುವಷ್ಟು ಹೊರಗೆ ಎಳೆದು ಇಟ್ಟಿದ್ದರು.

ಉಪ್ಪ ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊದಮೊದಲು ಎಲ್ಲರಿಗಿಂತ ಜೋರಾಗಿ ನಕ್ಕರು. ಆಡು ಸತ್ತಾಗಲೂ ನಕ್ಕರು. ಕಿಟಕಿಯ ಹತ್ತಿರ ನಿಂತ ಹುಡುಗ ಬೆವರು ಒರೆಸಿಕೊಂಡು ಎಸಿ ರೂಮಿನ ಮಾತು ತೆಗೆದಾಗ ಅವರ ನಗು ನಿಂತಿತು. ಅವರು ತಾಯಿಯ ಕಾಲನ್ನೇ ನೋಡುತ್ತಾ ಕೂತರು. ಅಷ್ಟು ಹೊತ್ತಿಗೆ ಆ ಕಾಲು ಪೂರ್ತಿ ವಾಸಿಯಾಗಿತ್ತು. ಅದು ಮುರಿದದ್ದನ್ನು ಮನೆಯಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ.

"ಉಮ್ಮಾ, ಬಿದ್ದದ್ದು ಯಾವಾಗ?"

"ನಿನಗೆ ಎಸಿ ಬಂದ ವಾರ" ಎಂದರು ಅಜ್ಜಿ.

ಜಗಲಿಯಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು. ಅವರೂ ನಕ್ಕರು, ಆದರೆ ಕೈಯಿಂದ ಮುಖ ಮುಚ್ಚಿಕೊಂಡು. ಆಮೇಲೆ ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡು, ಆ ಕೋಣೆ ಹೇಗಿದೆ, ಮೇಲಿನ ಮಂಚ ಯಾರದ್ದು, ಕರೆಂಟು ಹೋದ ದಿನ ಎಲ್ಲರೂ ಚಾಪೆ ಹಿಡಿದು ಟೆರೇಸಿಗೆ ಹೋಗುವುದು ಹೇಗೆ ಎಂದೆಲ್ಲ ಹೇಳತೊಡಗಿದರು. ಹುಡುಗಿ ಮಧ್ಯೆ ಮಧ್ಯೆ ತಡೆದು, ಮೇಲಿನ ಮಂಚದವನು ಇಳಿಯುವಾಗ ಕಾಲು ಎಲ್ಲಿಡುತ್ತಾನೆ ಎಂಬಂಥ ಪ್ರಶ್ನೆ ಕೇಳುತ್ತಿದ್ದಳು. ಅವಳ ಉಮ್ಮ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ಅಡುಗೆಮನೆಯಲ್ಲಿ ಏನೋ ಸೀದ ವಾಸನೆ ಬಂದರೂ ಒಳಗೆ ಹೋಗಲಿಲ್ಲ.

ಊಟಕ್ಕೆ ಕೂತೆವು. ತುಪ್ಪದನ್ನ, ಕೋಳಿ ಸಾರು. ಹೆಡ್‌ಮಾಸ್ಟರು ಎರಡನೇ ಸಲ ಬಡಿಸಿಕೊಂಡು, ಕಣ್ಣೆದುರಿಗೇ ನಡೆದದ್ದರ ಬಗ್ಗೆ ತಮ್ಮ ಅಭಿಪ್ರಾಯ ಹೇಳಿದರು. "ಚೆನ್ನಾಗಿ ಮಾಡಿದ್ರು ಮಕ್ಕಳು. ಆದರೆ ಕೊನೆಯಲ್ಲಿ ಸಮಾಜಕ್ಕೆ ಒಂದು ಸಂದೇಶ ಇರ್ತಿದ್ರೆ ಇನ್ನೂ ಒಳ್ಳೆದಿತ್ತು."

ಅಜ್ಜಿ ಅವರ ಬಟ್ಟಲಿಗೆ ದೊಡ್ಡದೊಂದು ಕೋಳಿ ತುಂಡು ಹಾಕಿ, "ತಿನ್ನಿ ಮಾಷೇ, ತಿನ್ನುವಾಗ ಮಾತಾಡ್ಬಾರ್ದು" ಎಂದರು.