ಜೆಟ್ಟಿಯ ಮೇಲೆ ಅತ್ತೆಯ ದನಿ

ದೆವ್ವ, ಶಕುನ, ಕಣ್ಣು ಬೀಳುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ನಂಬುವವರನ್ನು ಗೇಲಿ ಮಾಡದೆ ಬಿಟ್ಟವಳೂ ಅಲ್ಲ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ಮಾತ್ರ ಬದಲಾಯಿಸಲಾರೆ.

ನಾನು ಡೊಂಬಿವಲಿಯಲ್ಲಿ ಬೆಳೆದ ವಿಜಯಪುರದವರ ಮಗಳು. ಗಂಡ ಸುಧೀರ ಅಲ್ಲೇ ಹತ್ತಿರದ ನೆರೂಳಿನವನು, ಅವನ ಮನೆಮಾತು ತುಳು. ಮದುವೆಯಾದ ಮೇಲೆ ಇಬ್ಬರೂ ಕೆಲಸ ಬಿಟ್ಟು, ಒಂದು ವರ್ಷ ಆಸ್ಟ್ರೇಲಿಯಾದ ಕರಾವಳಿಯಲ್ಲಿ ದುಡಿಯುತ್ತ ತಿರುಗುವುದೆಂದು ವೀಸಾ ಮಾಡಿಸಿಕೊಂಡೆವು. ಅತ್ತೆ ಕೆಂಡವಾದರು. ತೀರಿಹೋದ ನಮ್ಮ ಮಾವ ವರ್ತಕ ನಗರದ ಹೋಟೆಲೊಂದರಲ್ಲಿ ಪ್ಲೇಟ್ ತೊಳೆಯುತ್ತ ಶುರುಮಾಡಿ ಮಗನನ್ನು ಇಂಜಿನಿಯರ್ ಮಾಡಿದವರು.

“ಅವರು ಇಲ್ಲಿ ಪ್ಲೇಟ್ ತೊಳೆದು ಓದಿಸಿದ್ದು ನೀವು ಅಲ್ಲಿ ಹೋಗಿ ಪ್ಲೇಟ್ ತೊಳೀಲಿಕ್ಕಾ?” ಎಂದರು ಅತ್ತೆ.

ಹೌದು ಎಂದೆ. ಅಂದಿನಿಂದ ಮಾತು ಬಿಟ್ಟರು. ಹೊರಡುವ ದಿನ ಬಾಗಿಲಿಗೂ ಬರಲಿಲ್ಲ. ಸುಧೀರ ಲಿಫ್ಟಿನಲ್ಲಿ ಅತ್ತ. ಅಲ್ಲಿಂದ ಎಷ್ಟು ಸಲ ಫೋನ್ ಮಾಡಿದರೂ ಅವರು ಎತ್ತಲಿಲ್ಲ. ಅಮ್ಮನನ್ನು ಕಳಕೊಂಡೆ ಎಂದು ಅವನು ಕೊರಗುತ್ತಲೇ ಇದ್ದ. ವರ್ಷ ಮುಗಿಯುವ ಮೊದಲೇ ವಾಪಸು ಹೊರಟುಬಿಡುತ್ತಾನೆಂದು ನನಗೆ ಒಳಗೊಳಗೇ ಹೆದರಿಕೆ.

ಒಂದು ಬಂದರು ಊರಿನ ಮೋಟೆಲಿನಲ್ಲಿ ಅವನಿಗೆ ಪಾತ್ರೆ ತೊಳೆಯುವ ಕೆಲಸ, ನನಗೆ ಹಾಸಿಗೆ ಬದಲಿಸುವ ಕೆಲಸ. ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕ ಒಂದು ಬೆಳಿಗ್ಗೆ, ಎದುರಿನ ದ್ವೀಪಕ್ಕೆ ಹೋಗುವ ಬೋಟಿಗಾಗಿ, ಸಮುದ್ರದೊಳಕ್ಕೆ ಚಾಚಿದ ಹಲಗೆಯ ಜೆಟ್ಟಿಯ ಮೇಲೆ ನಡೆಯುತ್ತಿದ್ದೆವು. ಒಳ್ಳೆಯ ಬಿಸಿಲು. ಹಿಂದಿನಿಂದ ಅತ್ತೆಯ ದನಿ ಕೇಳಿತು.

“ಸುಧೀ, ನೀರ್ ಪರ್ದ್ ಪೋ.”

ನೀರು ಕುಡಿದು ಹೋಗು ಎಂದು. ಅಷ್ಟು ತುಳು ನನಗೂ ಗೊತ್ತು. ಇಬ್ಬರೂ ತಿರುಗಿದೆವು. ದೂರದಲ್ಲಿ ಒಬ್ಬ ಮುದುಕ ಪೈಪಿನಿಂದ ಹಲಗೆ ತೊಳೆಯುತ್ತಿದ್ದ, ಬೇರೆ ಯಾರೂ ಇಲ್ಲ. ಮೊಬೈಲ್ ನನ್ನ ಚೀಲದಲ್ಲಿ ಆಫ್ ಆಗಿತ್ತು.

ಹೊರಟವರನ್ನು ಹಿಂದಿನಿಂದ ಕರೆದರೆ ನಮ್ಮವರು ಹಾಗೇ ಮುಂದೆ ಹೋಗುವುದಿಲ್ಲವಷ್ಟೆ. ಕುಳಿತು, ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಸುಧೀರ ಜೆಟ್ಟಿಯ ಮೇಲೇ ಕುಳಿತುಬಿಟ್ಟ.

“ಏನ್ ಹಚ್ಚೀಯೋ, ಬೋಟ್ ಹೊಂಟದ!” ಎಂದು ರೇಗಿದೆ.

“ಅಮ್ಮ ಕರೆದದ್ದು ನಿಂಗೆ ಕೇಳ್ಲಿಲ್ವಾ?”

ಇಲ್ಲ ಎನ್ನಬೇಕೆಂದಿದ್ದೆ. ಆದರೆ ಚೀಲದಿಂದ ನೀರಿನ ಬಾಟಲಿ ತೆಗೆದು ಅವನಿಗೆ ಕೊಟ್ಟೆ. ಅವನು ನೀರು ಕುಡಿಯುವಷ್ಟರಲ್ಲಿ ಬೋಟ್ ಹೋಯಿತು. ಮೊಬೈಲ್ ಆನ್ ಮಾಡಿ ನೆರೂಳಿಗೆ ಹಚ್ಚಿದ. ತಿಂಗಳುಗಟ್ಟಲೆ ಎತ್ತದ ಅತ್ತೆ ಮೊದಲ ರಿಂಗಿಗೇ ಎತ್ತಿದರು. ಹಲೋ ಕೂಡ ಇಲ್ಲ.

“ಕುಡಿದ್ಯಾ?” ಎಂದರು.

ಆಮೇಲೆ ಕೇಳಿದರೆ ಅವರು ಒಪ್ಪಲಿಲ್ಲ. “ನಾನ್ಯಾಕೆ ಕರೀಲಿ? ಅಲ್ಲಿ ಬಿಸಿಲು ಜಾಸ್ತಿ ಅಂತ ಟಿವಿಯಲ್ಲಿ ತೋರಿಸಿದ್ರು. ನೀರು ಕುಡಿದ್ಯಾ ಅಂತ ಕೇಳಿದೆ, ಅಷ್ಟೇ.”

ಬೋಟ್ ಮುಳುಗಿತೆಂದು ನೀವು ಕಾಯುತ್ತಿರಬಹುದು. ಮುಳುಗಲಿಲ್ಲ. ಹೋದವರೆಲ್ಲ ಸಂಜೆ ನಗುನಗುತ್ತ ಇಳಿದರು. ಆದರೂ ಸುಧೀರನಿಂದ ಸುದ್ದಿ ಕೇಳಿದ ನೆಂಟರು ಬಿಡಬೇಕಲ್ಲ! ಇದು ಎಚ್ಚರಿಕೆ, ಕೂಡಲೇ ಮರಳಿ, ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಎಂದು ಫೋನಿನ ಮೇಲೆ ಫೋನ್. ಸುಧೀರ ಸೂಟ್‌ಕೇಸನ್ನೂ ತೆಗೆದ. ನಾನು ಅದನ್ನು ಕಿತ್ತುಕೊಂಡು ಅದರ ಮೇಲೇ ಕುಳಿತೆ.

ವರ್ಷ ಮುಗಿಸಿಯೇ ಮರಳಿದೆವು, ಈಗ ನೆರೂಳಿನ ಹತ್ತಿರದ ಖಾರಘರದಲ್ಲಿದ್ದೇವೆ. ಭೂತ ಪ್ರೇತ ನಾನು ಇಂದಿಗೂ ನಂಬುವುದಿಲ್ಲ. ಆ ದನಿ ಎಲ್ಲಿಂದ ಬಂತೆಂದು ಗೊತ್ತಿಲ್ಲ, ಗೊತ್ತಿರುವಂತೆ ಮಾತಾಡುವವರ ಮಾತೂ ನನಗೆ ಬೇಡ. ಕರೆದವರು ಯಾರೇ ಇರಲಿ, ಹಿಂದಕ್ಕೆ ಬಾ ಎನ್ನಲಿಲ್ಲ, ಹೋಗು ಎಂದರು. ಅಂದು ತಪ್ಪಿದ ಬೋಟನ್ನೇ ಮರುವಾರ ಹತ್ತಿ ದ್ವೀಪಕ್ಕೆ ಹೋಗಿಬಂದಿದ್ದೆವು.