ಪಾಳಿ ಒಪ್ಪಿಸುವ ಸೊಸೆ

ಭಾನುವಾರ ಬಂದರೆ ಸಾಕು, ನಮ್ಮ ಮನೆ ಬಾಗಿಲಲ್ಲಿ ಯಾರದೋ ಚಪ್ಪಲಿ. ಒಬ್ಬರ ಕೈಯಲ್ಲಿ ಕಾದಂಬರಿ, ಇನ್ನೊಬ್ಬರ ತಲೆಯಲ್ಲಿ ಕಾದಂಬರಿ. ಎಲ್ಲರಿಗೂ ಬೇಕಾಗಿರುವುದು ನನ್ನ ಸೊಸೆ.

"ಅಮ್ಮಾ, ಏಜೆಂಟರಿಗೆ ಹೇಗೆ ಬರೀಬೇಕು ಅಂತ ಮೇಡಂ ಹತ್ರ ಕೇಳೋಣ ಅಂತ ಬಂದೆ" ಎನ್ನುತ್ತಾರೆ.

"ಪುಸ್ತಕ ಪೂರ್ತಿ ಬರೆದು ಮುಗಿಸಿದ್ದೀರಾ?" ಎಂದು ನಾನು ಬಾಗಿಲಲ್ಲೇ ಕೇಳುತ್ತೇನೆ. ಅರ್ಧ ಆಗಿದೆ, ಇನ್ನೇನು ಮುಗಿಯುತ್ತೆ ಎಂದು ರಾಗ ಎಳೆದವರನ್ನು ಅಲ್ಲಿಂದಲೇ ಸಾಗಹಾಕುತ್ತೇನೆ. ಮುಗಿಸಿ ಬನ್ನಿ, ಆಮೇಲೆ ಕಾಫಿ ಕೊಡುತ್ತೇನೆ. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಜೀವಮಾನ ಕಳೆದವಳು ನಾನು. ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸದೆ ಸಾಲಿನಲ್ಲಿ ನಿಂತವರನ್ನು ಕಂಡರೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

ಹಾಗೆಂದು ಈ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದೇನಲ್ಲ. ಏಜೆಂಟ್ ಎಂದರೆ ನನಗೆ ಗೊತ್ತಿದ್ದದ್ದು ವಿಮೆಯವನು ಒಬ್ಬನೇ. ಅವನು ಬಂದರೆ ನಾವು ಒಳಗಿದ್ದೂ ಇಲ್ಲ ಅನ್ನಿಸುತ್ತಿದ್ದೆವು. ಪುಸ್ತಕಕ್ಕೂ ಏಜೆಂಟರಿರುತ್ತಾರೆ, ಬರೆದವರ ಪರವಾಗಿ ಪ್ರಕಾಶಕರ ಬಳಿ ಹೋಗಿ ಮಾತಾಡಿ, ಪುಸ್ತಕ ಮಾರಾಟವಾದ ಮೇಲೆ ತಮ್ಮ ಪಾಲು ತೆಗೆದುಕೊಳ್ಳುತ್ತಾರೆ ಎಂದು ಸೊಸೆ ಹೇಳಿದಾಗ ನಾನು ನಂಬಲಿಲ್ಲ.

"ಮೊದಲೇ ದುಡ್ಡು ಕೇಳಲ್ವಾ?"

"ಕೇಳಿದ್ರೆ ಅವರು ಏಜೆಂಟೇ ಅಲ್ಲ ಅತ್ತೆ. ಅಲ್ಲಿಂದ ಎದ್ದು ಬರೋದು ಅಷ್ಟೇ."

ಸೊಸೆ ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು. ಮನೆಗೆ ಬಂದವಳು ಊಟ ಮುಗಿಸಿ, ಅದೇ ಮೇಜನ್ನು ಒರೆಸಿ, ಅಲ್ಲೇ ಬರೆಯಲು ಕೂರುತ್ತಿದ್ದಳು. ಏನು ಬರೆಯುತ್ತಿದ್ದೀಯೆ ಎಂದು ಕೇಳಿದರೆ "ಸುಮ್ನೆ ಅತ್ತೆ" ಎನ್ನುತ್ತಿದ್ದಳು. ಆ ಸುಮ್ಮನೆ ಎಷ್ಟೋ ವರ್ಷ ನಡೆಯಿತು. ಕೊನೆಗೊಂದು ದಿನ ಹಾಳೆಗಳ ದಪ್ಪ ಕಟ್ಟೊಂದನ್ನು ತಂದು ನನ್ನ ಮಡಿಲಲ್ಲಿಟ್ಟು ಪಾತ್ರೆ ತೊಳೆಯಲು ಹೊರಟುಹೋದಳು. ಮೇಲೆ 'ಹೊರಗಿನ ಬೆಂಚು' ಎಂದು ಬರೆದಿತ್ತು.

ನಾನು ಸುಲಭಕ್ಕೆ ಮೆಚ್ಚುವ ಹೆಂಗಸಲ್ಲ. ಮಗನ ಮದುವೆಯಲ್ಲಿ ಮಗನ ಕೋಟಿನಲ್ಲೇ ತಪ್ಪು ಹುಡುಕಿದವಳು. ಅಂಥವಳು ಆ ಕಟ್ಟನ್ನು ಓದಿ ಮುಗಿಸಿ, ಎದ್ದುಹೋಗಿ ಮುಖ ತೊಳೆದುಕೊಂಡು ಬಂದೆ. "ಚೆನ್ನಾಗಿದೆ" ಎಂದೆ. ಸೊಸೆ ಅಡುಗೆಮನೆಯ ಬಾಗಿಲನ್ನು ಹಿಡಿದುಕೊಂಡು ನಿಂತುಬಿಟ್ಟಳು. ನನ್ನ ಬಾಯಿಂದ ಆ ಮಾತು ಬರುವುದೆಂದರೆ ಏನು ಎಂಬುದು ಅವಳಿಗೆ ಗೊತ್ತು.

ಅವಳಿಗೆ ಒಬ್ಬ ಏಜೆಂಟರ ಮೇಲೆ ಕಣ್ಣಿತ್ತು. ಒಬ್ಬ ಹೆಂಗಸು. ದುಡಿದು ತಿನ್ನುವವರ ಕಥೆಗಳನ್ನೇ ಆರಿಸಿಕೊಂಡು ಪುಸ್ತಕ ಮಾಡಿಸಿದವರು. ಅವರು ಮಾಡಿಸಿದ ಪುಸ್ತಕಗಳನ್ನೆಲ್ಲ ಸೊಸೆ ಗ್ರಂಥಾಲಯದಿಂದ ತಂದು ಓದಿದ್ದಳು. "ನನ್ನ ಪುಸ್ತಕ ಅರ್ಥ ಆಗೋದಿದ್ರೆ ಇವರಿಗೇ ಆಗೋದು ಅತ್ತೆ" ಎನ್ನುತ್ತಿದ್ದಳು. ಅವರು ಕೈಹಿಡಿಯಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಈಗ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಇಲ್ಲಿಂದ ಹೊರಗೆ ಹೋಗುವ ಯಾವ ಕಾಗದವೂ ಎಲ್ಲರ ಕೈ ಬೀಳದೆ ಹೋಗುವುದಿಲ್ಲ. ರಜೆ ಚೀಟಿಯಾದರೂ ಸರಿ, ನೀರಿನವರಿಗೆ ಕೊಡುವ ದೂರಾದರೂ ಸರಿ, ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಒಂದು ಸಾಲು ಸೇರಿಸಲೇಬೇಕು. ಸೇರಿಸದಿದ್ದರೆ ಅಕ್ಕರೆ ಇಲ್ಲ ಎಂದು ಅರ್ಥ. ಆ ಏಜೆಂಟರಿಗೆಂದು ಸೊಸೆ ಬರೆದ ಪತ್ರವೂ ಹಾಗೆಯೇ ಮೇಜಿನ ಮೇಲೆ ಬಂತು.

ನನ್ನ ಮಗ ಟೈಲ್ಸ್ ಅಂಗಡಿಯ ಸೇಲ್ಸ್‌ಮನ್. ಮಾತು ಮಾತಿಗೆ ಗ್ಯಾರಂಟಿ ಎನ್ನುವುದರಿಂದ ಗೆಳೆಯರು ಅವನಿಗೆ ಗ್ಯಾರಂಟಿ ಎಂದೇ ಹೆಸರಿಟ್ಟಿದ್ದಾರೆ. ಅವನು ಪತ್ರದ ತಲೆಗೇ ಕೈಹಾಕಿದ. 'ಇಂಥ ಕಾದಂಬರಿ ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ. ಒಮ್ಮೆ ಕೈಗೆತ್ತಿಕೊಂಡರೆ ಕೆಳಗಿಡಲಾರಿರಿ. ತಡಮಾಡಿದರೆ ಬೇರೆಯವರ ಪಾಲಾಗುವುದು ಖಂಡಿತ' ಎಂದು ಬರೆದ. ಕೊನೆಯಲ್ಲಿ ನಾನು ಒಂದೇ ಸಾಲು ಸೇರಿಸಿದೆ: 'ಹುಡುಗಿ ಗುಣವಂತೆ, ಕೆಲಸದಲ್ಲಿ ಚುರುಕು, ಸ್ವತಃ ಅತ್ತೆಯೇ ಮೆಚ್ಚಿದ್ದಾರೆ.' ಆ ಸಾಲಿನಲ್ಲಿ ತಪ್ಪೇನಿದೆ ಎಂದು ಇವತ್ತಿಗೂ ನನ್ನ ವಾದ. ಇವೆರಡರ ನಡುವೆ ಕಾದಂಬರಿ ಯಾವುದರ ಬಗ್ಗೆ ಎನ್ನುವುದು ಮಾತ್ರ ಎಲ್ಲೋ ಕೊಚ್ಚಿಕೊಂಡು ಹೋಗಿತ್ತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಗ್ಯಾರಂಟಿ ಹೆಂಡತಿಗೆ ಸಹಾಯ ಮಾಡುತ್ತೇನೆಂದು ಹೊರಟು, ಸಿಕ್ಕ ಸಿಕ್ಕ ಏಜೆಂಟರ ವಿಳಾಸಗಳನ್ನೆಲ್ಲ ಗುಡ್ಡೆಹಾಕಿ, ಒಂದೇ ಮೇಲ್‌ನಲ್ಲಿ ಎಲ್ಲರಿಗೂ ಕಳಿಸಿಬಿಟ್ಟ. ಹೊಸ ಡಿಸೈನ್ ಬಂದಾಗ ಅಂಗಡಿಯಲ್ಲಿ ಮಾಡುವುದೇ ಹಾಗಂತೆ. ಯಾರು ಯಾರಿಗೆ ಹೋಗಿದೆ ಎನ್ನುವುದು ಎಲ್ಲರಿಗೂ ಕಾಣುವ ಹಾಗೆ ಹೋಯಿತು. ಮೇಲೆ 'ಮಾನ್ಯ ಏಜೆಂಟರೇ' ಎಂದಿತ್ತು, ಯಾರ ಹೆಸರೂ ಇರಲಿಲ್ಲ.

ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಕೊಟ್ಟವರು ಒಬ್ಬರೇ, ಅದೇ ಹೆಂಗಸು. 'ಇಷ್ಟು ಜನರಿಗೆ ಒಟ್ಟಿಗೆ ಬರೆದಿದ್ದೀರಿ. ಇದು ಯಾರಿಗೆ ಬರೆದದ್ದೋ ಅವರು ಉತ್ತರಿಸುತ್ತಾರೆಂದು ನಂಬಿದ್ದೇನೆ' ಎಂದಿದ್ದರು.

ಸೊಸೆ ಅದನ್ನು ಓದಿ ಫೋನನ್ನು ಮಗುಚಿ ಇಟ್ಟಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಸಮಾಧಾನ ಇರುತ್ತಿತ್ತು. "ಅದೊಂದೇ ಬಾಗಿಲಿತ್ತು ಕಣ್ರೀ" ಎಂದು ಗಂಡನಿಗೆ ಮೆಲ್ಲಗೆ ಹೇಳಿದಳು. ಗ್ಯಾರಂಟಿ ಆ ದಿನ ಗ್ಯಾರಂಟಿ ಎನ್ನಲಿಲ್ಲ. ಊಟದ ಮೇಜು ಅಂದಿನಿಂದ ಬರೀ ಊಟದ ಮೇಜಾಯಿತು. ಅವಳು ಕೈಚೆಲ್ಲಿ ಕೂತಳು.

ಅದೇ ಸಮಯಕ್ಕೆ ಸರಿಯಾಗಿ ನಾನು ಒದ್ದೆ ಬಟ್ಟೆಯ ಬಕೆಟ್ ಹಿಡಿದು ಮಹಡಿ ಹತ್ತುವಾಗ ಜಾರಿದೆ. ಬಲಗಾಲಿನ ಮೂಳೆ ಮುರಿಯಿತು. ಆಪರೇಷನ್ ಆಗಿ ಹೋಗಿ ಬಿದ್ದದ್ದು ನನ್ನ ಸೊಸೆಯ ವಾರ್ಡಿನಲ್ಲೇ, ಏಳನೇ ಹಾಸಿಗೆ.

ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತು. ಮುಗಿಸುವ ನರ್ಸು, ಶುರು ಮಾಡುವ ನರ್ಸು ಇಬ್ಬರೂ ಒಂದೊಂದು ಹಾಸಿಗೆಯ ಬಳಿ ನಿಂತು ಮಾತಾಡುತ್ತಾ ಬರುತ್ತಾರೆ. ಅದಕ್ಕೆ ಪಾಳಿ ಒಪ್ಪಿಸುವುದು ಎನ್ನುತ್ತಾರೆ. ಕೇಳಿಸಿಕೊಂಡವರು "ತಗೊಂಡೆ" ಎಂದು ಬಾಯಿಬಿಟ್ಟು ಹೇಳಬೇಕು. ಆ ಮಾತು ಬೀಳುವವರೆಗೆ ಒಪ್ಪಿಸಿದವರು ಮನೆಗೆ ಹೋಗುವ ಹಾಗಿಲ್ಲ, ಕೂರುವ ಹಾಗೂ ಇಲ್ಲ. ಅಲ್ಲಿಯವರೆಗೆ ರೋಗಿ ಅವರದೇ ಜವಾಬ್ದಾರಿ.

ನನ್ನ ಹಾಸಿಗೆಯ ಬಳಿ ಬಂದರು. ಸೊಸೆಯ ಜೊತೆಗಿದ್ದದ್ದು ದಪ್ಪ ಕನ್ನಡಕದ ಸಿಸ್ಟರ್, ನನ್ನನ್ನು ಹಿಂದೆಂದೂ ನೋಡಿದವರಲ್ಲ. ನಮ್ಮ ಅತ್ತೆ, ಚೆನ್ನಾಗಿ ನೋಡಿಕೊಳ್ಳಿ ಎನ್ನುತ್ತಾಳೆಂದು ನಾನು ಸೆರಗು ಸರಿಮಾಡಿಕೊಂಡು ಕಾದೆ.

"ಏಳನೇ ಹಾಸಿಗೆ" ಎಂದಳು ಸೊಸೆ. "ಬಲಗಾಲು, ನಿನ್ನೆ ಆಪರೇಷನ್. ನೋವು ಜಾಸ್ತಿ ಇದೆ, ಕೇಳಿದ್ರೆ ಇಲ್ಲ ಅಂತಾರೆ. ಯಾರನ್ನೂ ಕರೆಯೋರಲ್ಲ, ತಾವೇ ಎದ್ದು ಬಾತ್‌ರೂಮಿಗೆ ಹೊರಡ್ತಾರೆ. ಬಿದ್ರೆ ಮತ್ತೆ ನಡೆಯೋದು ಕಷ್ಟ. ಕರೀಲಿ ಅಂತ ಕಾಯ್ಬೇಡಿ, ನೀವೇ ಹೋಗಿ ಕೇಳಿ."

"ತಗೊಂಡೆ" ಎಂದರು ಕನ್ನಡಕದವರು.

ನನಗೆ ಮೊದಲು ಬಂದದ್ದು ಕೋಪ. ಅತ್ತೆ ಎನ್ನಲಿಲ್ಲ, ಒಂದು ಒಳ್ಳೆಯ ಮಾತಿಲ್ಲ, ಏಳನೇ ಹಾಸಿಗೆಯಂತೆ. ಸಂಜೆ ಹೊತ್ತಿಗೆ ಬಾತ್‌ರೂಮಿಗೆ ಹೋಗೋಣವೆಂದು ಕಳ್ಳತನದಲ್ಲಿ ಕಾಲು ಇಳಿಸುತ್ತಿದ್ದೆ. ಕನ್ನಡಕದವರು ಬಂದು ಹೆಗಲು ಕೊಟ್ಟು ನಿಂತರು. "ನೋವಿಲ್ಲ ಅನ್ಬೇಡಿ, ನನಗೆ ಗೊತ್ತು" ಎಂದರು. ನನ್ನ ಗಂಡನಿಗೆ ಕೊನೆಯವರೆಗೂ ಅರ್ಥವಾಗದ ಹೆಂಗಸನ್ನು, ಗುರುತೇ ಇಲ್ಲದ ಇವರು ನಾಲ್ಕು ಮಾತಿನಲ್ಲಿ ಅರ್ಥಮಾಡಿಕೊಂಡಿದ್ದರು. ಮಾಡಿಸಿದವಳು ನನ್ನ ಸೊಸೆ. ಆ ಹಾಸಿಗೆಯ ಮೇಲೆ ನನ್ನ ಎದೆ ಉಬ್ಬಿದ ಪರಿ ಹೇಳಿದರೆ ಮುಗಿಯದು.

ಮರುದಿನ ಅವಳು ದಿಂಬು ಸರಿಮಾಡಲು ಬಂದಾಗ ಕೈ ಹಿಡಿದುಕೊಂಡೆ.

"ನಿನ್ನೆ ನನ್ನನ್ನ ಒಪ್ಪಿಸಿದ ಹಾಗೆ ನಿನ್ನ ಪುಸ್ತಕಾನೂ ಒಪ್ಪಿಸಮ್ಮ. ಆ ಹೆಂಗಸಿಗೆ ಇನ್ನೊಂದು ಸಲ ಬರಿ."

"ಹೇಗೆ ಅತ್ತೆ? ಅವರು ಆಗಲೇ ಬಾಗಿಲು ಹಾಕಿದ್ದಾರೆ."

"ಬಾಗಿಲು ಹಾಕಿದ್ದು ನಿನಗಲ್ಲ ಕಣೆ, ಟೈಲ್ಸಿಗೆ. ನೀನೆಲ್ಲಿ ಬರೆದೆ ಅವರಿಗೆ? ಬರೆದದ್ದು ನಾವು."

ಅವಳು ದಿಂಬು ಸರಿಮಾಡಿ ಮುಂದಿನ ಹಾಸಿಗೆಗೆ ಹೋದಳು. ಆದರೆ ನಾನು ಊರುಗೋಲು ಹಿಡಿದು ಮನೆಗೆ ಬರುವ ಹೊತ್ತಿಗೆ ಮೇಜನ್ನು ಒರೆಸಿ ಕೂತಿದ್ದಳು. ಬರೆದದ್ದು ಒಂದು ಪುಟವೂ ಆಗಲಿಲ್ಲ. ಮೇಲೆ ಆ ಹೆಂಗಸಿನ ಹೆಸರು. ಆಮೇಲೆ ಹೀಗಿತ್ತು:

'ಹಿಂದೆ ನನ್ನ ಹೆಸರಿನಲ್ಲಿ ನಿಮಗೊಂದು ಮೇಲ್ ಬಂದಿತ್ತು. ಅದು ಎಲ್ಲರಿಗೂ ಬರೆದದ್ದು. ಇದು ನಿಮಗೆ ಬರೆದದ್ದು, ಏಕೆಂದರೆ ನೀವು ಹೊರತಂದ ಪುಸ್ತಕಗಳಲ್ಲಿ ಕೆಲಸ ಮಾಡುವವರ ಕೈಗಳು ಕಾಣುತ್ತವೆ. ಆಸ್ಪತ್ರೆಯ ವಾರ್ಡಿನ ಹೊರಗೆ ಒಬ್ಬ ಹೆಂಗಸು ದಿನವೂ ಬಂದು ಬೆಂಚಿನ ಮೇಲೆ ಕೂರುತ್ತಾಳೆ. ಒಳಗಿರುವ ಗಂಡ ಅವಳ ಮುಖ ನೋಡಲು ಒಪ್ಪುವುದಿಲ್ಲ. ಅದನ್ನು ಹೇಳಲಾರದ ನರ್ಸು, ಡಾಕ್ಟರ್ ಇದ್ದಾರೆ, ನಾಳೆ ಬನ್ನಿ ಎಂದು ದಿನವೂ ಸುಳ್ಳು ಹೇಳುತ್ತಾಳೆ. ಗಂಡ ಹೆಂಡತಿಯನ್ನು ಕರೆಯಿರಿ ಎಂದ ದಿನ ಬೆಂಚು ಖಾಲಿ. ಅವನಿಗೆ ಹೆಚ್ಚು ಸಮಯವಿಲ್ಲ, ಅವಳ ವಿಳಾಸ ಯಾರಿಗೂ ಗೊತ್ತಿಲ್ಲ. ಸುಳ್ಳು ಹೇಳಿದವಳೇ ಈಗ ಅವಳನ್ನು ಹುಡುಕಬೇಕು. ಕಾದಂಬರಿ ಪೂರ್ತಿಯಾಗಿದೆ. ನೀವು ಕೇಳುವಂತೆ ಮೊದಲ ಅಧ್ಯಾಯವನ್ನಷ್ಟೇ ಕಳಿಸಿದ್ದೇನೆ. ನಾನು ವಾರ್ಡಿನಲ್ಲಿ ನರ್ಸು. ಓದಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.'

ಗ್ಯಾರಂಟಿ ಹಿಂದಿನಿಂದ ಇಣುಕಿ ನೋಡಿದ. "ಇಷ್ಟೇನಾ? ನಿನ್ನ ಬಗ್ಗೆ ಒಂದು ಒಳ್ಳೆ ಮಾತಾದ್ರೂ ಬೇಡ್ವಾ? ನಾನು ಒಂದೇ ಒಂದು ಸಾಲು..."

ನಾನು ಊರುಗೋಲನ್ನು ಅವನಿಗೂ ಮೇಜಿಗೂ ನಡುವೆ ಅಡ್ಡ ಹಿಡಿದೆ. "ಕೈ ಹಾಕಿದ್ರೆ ನಿನ್ನ ಕಾಲಿಗೂ ಆಪರೇಷನ್ ಆಗುತ್ತೆ ನೋಡು."

"ಗ್ಯಾರಂಟಿನಾ ಅಮ್ಮ?"

"ಗ್ಯಾರಂಟಿ ಕಣೋ."

ಬಹಳ ದಿನಗಳ ಮೇಲೆ ಸೊಸೆ ನಕ್ಕಳು. ನಮ್ಮ ಮನೆಯಿಂದ ಯಾರ ಕೈಯೂ ಬೀಳದೆ ಹೊರಟ ಮೊದಲ ಕಾಗದ ಅದು. ಒಂದು ಸಾಲು ಸೇರಿಸಬೇಕೆಂದು ನನ್ನ ಬೆರಳೂ ತುರಿಸುತ್ತಿತ್ತು, ಸುಳ್ಳೇಕೆ ಹೇಳಲಿ. ಹಲ್ಲು ಕಚ್ಚಿ ಸುಮ್ಮನಿದ್ದೆ.

ವಾರಗಳು ಕಳೆದವು. ಸೊಸೆ ಅಷ್ಟರಲ್ಲಿ ಇನ್ನೂ ಕೆಲವರಿಗೆ ಬರೆದಳು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಅವರವರ ನಿಯಮ ಓದಿಕೊಂಡು. ಬೇಡವೆಂದೇ ಉತ್ತರಗಳು ಬಂದವು. ಆದರೆ ಈ ಸಲ ಬೇಡವೆಂದವರು ಏಕೆ ಬೇಡ ಎಂದೂ ಬರೆದಿದ್ದರು. ಅವಳು ಓದಿ, ಕೆಲಸಕ್ಕೆ ಬರುವುದನ್ನು ಇಟ್ಟುಕೊಂಡು ಮುಂದಕ್ಕೆ ಹೋದಳು. ಯಾರ ಜೊತೆಗೂ ತಿರುಗಿ ವಾದಿಸಲಿಲ್ಲ. ಆ ಕೆಲಸವನ್ನು ನಾನು ಮನೆಯೊಳಗೆ ಕೂತು ಅವಳ ಪರವಾಗಿ ಬೇಕಾದಷ್ಟು ಮಾಡಿದೆ.

ಆಮೇಲೆ ಆ ಹೆಂಗಸಿನ ಉತ್ತರ ಬಂತು. ಪೂರ್ತಿ ಕಳಿಸಿ ಎಂದಿದ್ದರು, ಅಷ್ಟೇ. ಕಳಿಸಿದಳು. ಮತ್ತೆ ಸದ್ದಿಲ್ಲ. ಸೊಸೆ ಊಟ ಮಾಡುವಾಗಲೂ ಫೋನು ತಟ್ಟೆಯ ಪಕ್ಕದಲ್ಲೇ. ಫೋನ್ ಮಾಡಿ ಕೇಳು ಎಂದು ನಾನು, ಬೇಡ ಅತ್ತೆ, ಓದೋಕೆ ಬಿಡಬೇಕು ಎಂದು ಅವಳು.

ಒಂದು ದಿನ ಯೂನಿಫಾರ್ಮ್ ತೊಟ್ಟು, ಚಪ್ಪಲಿ ಮೆಟ್ಟಿ ಡ್ಯೂಟಿಗೆ ಹೊರಟಿದ್ದಾಳೆ, ಫೋನ್ ಬಂತು. ಆ ಏಜೆಂಟರ ಹೆಸರು ನೋಡಿ ಅವಳು ಫೋನನ್ನು ನನ್ನ ಕೈಗಿಟ್ಟಳು. ನಾನೇ ಸ್ಪೀಕರ್ ಒತ್ತಿದೆ. ಅವಳು ಬಾಗಿಲಲ್ಲಿ ನೆಟ್ಟಗೆ ನಿಂತಳು, ಎರಡು ಕೈಗಳನ್ನೂ ಮುಂದೆ ಕಟ್ಟಿಕೊಂಡು, ವಾರ್ಡಿನಲ್ಲಿ ನಿಲ್ಲುವ ಹಾಗೆಯೇ.

"ನಿಮ್ಮ ಮೊದಲನೇ ಮೇಲ್ ನೆನಪಿದೆ ನನಗೆ" ಎಂದರು ಆ ಹೆಂಗಸು. ದನಿ ಗಡುಸು, ಆದರೆ ಒಳಗೆಲ್ಲೋ ನಗು ಇತ್ತು. "ನಿಮ್ಮ ಮನೆಯವರಿಗೆ ನಿಮ್ಮ ಮೇಲೆ ಪ್ರೀತಿ ಇದೆ ಅಂತ ಗೊತ್ತಾಯ್ತು. ಪುಸ್ತಕ ಏನು ಅಂತ ಗೊತ್ತಾಗ್ಲಿಲ್ಲ. ಎರಡನೇದರಲ್ಲಿ ಗೊತ್ತಾಯ್ತು. ನಿನ್ನೆ ಪೂರ್ತಿ ಓದಿ ಮುಗಿಸಿದೆ."

ನಾನು ಫೋನನ್ನು ಸೊಸೆಗೆ ಇನ್ನಷ್ಟು ಹತ್ತಿರ ಹಿಡಿದೆ.

"ಆ ಬೆಂಚು ನನ್ನ ಕಣ್ಣಿಂದ ಹೋಗ್ತಾ ಇಲ್ಲ. ನಡುವೆ ಎರಡು ಕಡೆ ಉದ್ದ ಆಗಿದೆ, ಕೂತು ಮಾತಾಡೋಣ. ಪ್ರಕಾಶಕರ ಹತ್ರ ಹೋಗೋ ಕೆಲಸ ಇನ್ನು ನನಗೆ ಬಿಡಿ. ಇಷ್ಟು ವರ್ಷ ನೀವೊಬ್ಬರೇ ನೋಡಿಕೊಂಡಿದ್ದೀರಿ. ಇನ್ನು ನಾನು ತಗೊಂಡೆ."

ಆ ಹೆಂಗಸಿಗೆ ನಮ್ಮ ವಾರ್ಡಿನ ಪದ್ಧತಿ ಏನು ಗೊತ್ತು. ಮಾತಿನ ಓಘದಲ್ಲಿ ಅಂದದ್ದು. ಆದರೆ ಆ ಮಾತು ಬಿದ್ದದ್ದೇ ತಡ, ಅಷ್ಟು ಹೊತ್ತು ನಿಂತಿದ್ದ ನನ್ನ ಸೊಸೆ ಯೂನಿಫಾರ್ಮಿನಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಊರುಗೋಲು ಬದಿಗಿಟ್ಟು, ಮುರಿದ ಕಾಲನ್ನು ಚಾಚಿಕೊಂಡು ಅವಳ ಪಕ್ಕದಲ್ಲೇ ಕೂತೆ.

ಫೋನಿನಲ್ಲಿ ಆ ಹೆಂಗಸು "ಹಲೋ, ಇದ್ದೀರಾ?" ಎನ್ನುತ್ತಿದ್ದರು.

"ಇದ್ದಾಳೆ" ಎಂದೆ ನಾನು. "ನಾನು ಅವಳ ಅತ್ತೆ. ಸ್ವಲ್ಪ ಹೊತ್ತು ಕೂತ್ಕೊಳ್ಳಲಿ ಬಿಡಿ, ಅವಳ ಪಾಳಿ ಈಗ ತಾನೇ ಮುಗೀತು."